ಚಳಿನಾಡಿನ ಮಳೆ ಪ್ಯಾಂಟು, ಸಹ್ಯಾದ್ರಿಯ ಮಳೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ, ಪುಣೆಯಲ್ಲಿ ನಮ್ಮ ಜೊತೆ ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್ಲು, ಓಡಿಸುವ ಕನ್ನಡದ ಗೆಳೆಯರಲ್ಲಿ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ವಿದೇಶದ ಕಂಪನಿಗಳು ಚಳಿಗಾಲದ ಸವಾರಿಗೆಂದೇ ಹೊಲಿಯುವ, ಹದಿನೈದು ಸಾವಿರ ರೂಪಾಯಿಗೂ ಮೀರಿದ ಬೆಲೆಯ ಜಲನಿರೋಧಕ ಪ್ಯಾಂಟನ್ನು ನಮ್ಮ ಮಳೆಗಾಲಕ್ಕೆ ಕೊಳ್ಳಬಹುದೇ ಎಂಬುದು ಆ ಪ್ರಶ್ನೆ. ಅಂಥ ಪ್ಯಾಂಟನ್ನು ನಾನು ಅದರ ತವರಿನಲ್ಲೂ ತೊಟ್ಟಿದ್ದೇನೆ, ಇಲ್ಲಿಯೂ ತೊಟ್ಟಿದ್ದೇನೆ. ಒಂದೇ ಬಟ್ಟೆ ಎರಡು ಊರುಗಳಲ್ಲಿ ಎರಡು ಬೇರೆ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವವಾದ್ದರಿಂದ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಲು ಬರುವುದಿಲ್ಲ.

ಕಚೇರಿಯ ಕೆಲಸದ ಮೇಲೆ ಒಂದು ಚಳಿಗಾಲವನ್ನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕಳೆದಾಗ, ಪೀಬಲ್ಸ್ ಊರಿನ ಹತ್ತಿರದ ಗ್ಲೆಂಟ್ರೆಸ್ ಕಾಡಿನ ಟ್ರೇಲುಗಳಿಗೆ ಬಾಡಿಗೆ ಬೈಕಿನಲ್ಲಿ ಹೋಗುತ್ತಿದ್ದೆ. ಜನವರಿಯಲ್ಲಿ ಅಲ್ಲಿ ಹಗಲಿನ ತಾಪಮಾನ ಆರೇಳು ಡಿಗ್ರಿ ದಾಟಿದರೆ ಹೆಚ್ಚು. ಮಳೆಯೆಂದರೆ ನಮ್ಮ ಆಷಾಢದ ಮಳೆಯಂತೆ ಸುರಿಯುವುದಲ್ಲ, ದಿನವಿಡೀ ಜಿನುಗುವುದು. ಆದರೆ ಸೂರ್ಯ ಮರಗಳ ತುದಿಗಿಂತ ಮೇಲೇರದ ಆ ದಿನಗಳಲ್ಲಿ ದಾರಿಯ ಮೇಲಿನ ನೀರು ಆರುವುದೇ ಇಲ್ಲ, ಆಕಾಶದಿಂದ ಬೀಳುವುದಕ್ಕಿಂತ ಹೆಚ್ಚಿನ ನೀರನ್ನು ಹಿಂದಿನ ಚಕ್ರವೇ ಸವಾರನ ಹಿಂಭಾಗಕ್ಕೆ ಎರಚುತ್ತದೆ. ನೀರು ಶಾಖವನ್ನು ಸಾಗಿಸುವ ಪ್ರಮಾಣ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಏರಿನಲ್ಲಿ ಬೆವರಿ, ಇಳಿಜಾರಿನಲ್ಲಿ ನೆನೆದ ತೊಡೆಗಳಿಗೆ ಐದು ಡಿಗ್ರಿಯ ಗಾಳಿ ಬಡಿದಾಗ ಮೊಣಕಾಲು ಮರಗಟ್ಟುತ್ತದೆ, ಪೆಡಲಿನ ಮೇಲೆ ಪಾದ ಎಲ್ಲಿದೆ ಎಂಬ ಅರಿವೇ ಮಂಕಾಗುತ್ತದೆ. ಹಾಗಾಗಿ ಸ್ಕಾಟ್ಲೆಂಡಿನ ಸವಾರರಿಗೆ ಈ ಪ್ಯಾಂಟು ಮೊದಲು ಚಳಿಯ ಕವಚ, ಆಮೇಲೆ ಮಳೆಯ ಕವಚ. ಅಲ್ಲಿಯದೇ ಆದ, 1993ರಲ್ಲಿ ಶುರುವಾದ ಎಂಡ್ಯೂರಾದಂಥ ಕಂಪನಿಗಳು ಈ ಬಗೆಯ ಬಟ್ಟೆಯಲ್ಲಿ ಪಳಗಿರುವುದಕ್ಕೆ ಆ ಹವೆಯೇ ಕಾರಣವೆಂದು ನನ್ನ ನಂಬಿಕೆ.

ಪ್ಯಾಂಟಿನ ಬಟ್ಟೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್, ನಡುವೆ ತೆಳುವಾದ ಒಂದು ಪೊರೆ, ಒಳಗೆ ಮೈಗೆ ತಾಗುವ ಜಾಲರಿಯಂಥ ಅಸ್ತರು. ಪೊರೆಯ ರಂಧ್ರಗಳು ನೀರಿನ ಹನಿ ನುಸುಳಲಾರದಷ್ಟು ಚಿಕ್ಕವು, ಆದರೆ ಆವಿಯ ಅಣು ಸಲೀಸಾಗಿ ದಾಟುವಷ್ಟು ದೊಡ್ಡವು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಅವರು ಬಿಸಿ ಮಾಡಿದ ಪಿಟಿಎಫ್ಇ (ಟೆಫ್ಲಾನ್ ಎಂದು ಪರಿಚಿತವಾದ ಪ್ಲಾಸ್ಟಿಕ್) ಕಡ್ಡಿಯನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಸಿಕ್ಕ ವಸ್ತುವಿನಿಂದಲೇ ಇಂಥ ಪೊರೆಗಳಲ್ಲಿ ಹೆಸರಾದ ಗೋರ್‌ಟೆಕ್ಸ್ ಹುಟ್ಟಿತು. ರಂಧ್ರಗಳೇ ಇಲ್ಲದೆ ಆವಿಯನ್ನು ಹೀರಿ ಹೊರಕ್ಕೆ ದಾಟಿಸುವ ಪಾಲಿಯುರಿಥೇನ್ ಪೊರೆಗಳೂ ಇವೆ. ಎರಡರಲ್ಲೂ ಆವಿಯನ್ನು ಹೊರಕ್ಕೆ ತಳ್ಳುವ ಯಂತ್ರವೇನೂ ಇಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಬೆವರು ಆಚೆ ಹೋಗುತ್ತದೆ.

ನಮ್ಮ ಊರಿನ ತೊಡಕು ಇರುವುದು ಇಲ್ಲಿಯೇ, ಅದನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಬೆವರಿದ ಮೈಯ ಪಕ್ಕದಲ್ಲಿ, 35 ಡಿಗ್ರಿಯಲ್ಲಿ, ಆವಿಯ ಒತ್ತಡ ಸುಮಾರು 56 ಹೆಕ್ಟೊಪಾಸ್ಕಲ್ (ಒತ್ತಡದ ಒಂದು ಅಳತೆ). ಐದು ಡಿಗ್ರಿಯ ಗಾಳಿ ತೇವದಿಂದ ಪೂರ್ತಿ ತುಂಬಿದ್ದರೂ ಅದರಲ್ಲಿನ ಆವಿಯ ಒತ್ತಡ ಒಂಬತ್ತನ್ನು ಮುಟ್ಟುವುದಿಲ್ಲ, ಅಂದರೆ ಬೆವರನ್ನು ಹೊರಗೆಳೆಯಲು ಅಲ್ಲಿ 47ರಷ್ಟು ವ್ಯತ್ಯಾಸ ಸಿಗುತ್ತದೆ. ಜುಲೈ ತಿಂಗಳಲ್ಲಿ ಪುಣೆಯ ಪಶ್ಚಿಮಕ್ಕಿರುವ ತಾಮ್ಹಿಣಿ ಘಾಟಿನ ಮೋಡದೊಳಗೆ, 24 ಡಿಗ್ರಿಯಲ್ಲಿ, ಹೊರಗಿನ ಒತ್ತಡವೇ 30ರ ಹತ್ತಿರವಿದ್ದು ವ್ಯತ್ಯಾಸ 26ಕ್ಕೆ ಇಳಿಯುತ್ತದೆ. ಅದೇ ಪ್ಯಾಂಟು, ಅದೇ ಪೊರೆ, ಆದರೆ ಉಸಿರಾಡುವ ಶಕ್ತಿ ಹೆಚ್ಚುಕಡಿಮೆ ಅರ್ಧ. ಮುಂಬೈ, ಗೋವಾಗಳ ಕರಾವಳಿಯಲ್ಲಿ 27 ಡಿಗ್ರಿಯ ಮಳೆಯಾದರೆ ಉಳಿಯುವುದು 20 ಮಾತ್ರ. ಪ್ಯಾಂಟಿನ ಚೀಟಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಇಷ್ಟು ಸಾವಿರ ಗ್ರಾಂ ಆವಿ ಎಂದು ಬರೆದಿರುವ ಅಂಕಿ ಪ್ರಯೋಗಶಾಲೆಯ ಹವೆಯದೇ ಹೊರತು ಘಟ್ಟದ್ದಲ್ಲ.

ಹುಬ್ಬಳ್ಳಿಯಿಂದ ಬಂದು ಪಿಂಪ್ರಿಯಲ್ಲಿ ನೆಲೆಸಿರುವ ಗೆಳೆಯರೊಬ್ಬರು, ಬೋಪದೇವ್ ಘಾಟಿನ ಏರಿನ ನಡುವೆ ನನ್ನ ಪ್ಯಾಂಟಿನ ಕಾಲನ್ನು ಹಿಂಡಿ ನೋಡಿ, "ಅಲ್ರೀ, ಹೊರಗೂ ನೀರು, ಒಳಗೂ ನೀರು ಅಂದ್ರ ಈ ಪ್ಯಾಂಟ್ ಯಾಕ ಬೇಕ್ರೀ?" ಎಂದು ಕೇಳಿದ್ದರು. ಏರಿನ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. ಘಟ್ಟದ ಮಳೆಯಲ್ಲಿ ದುಡಿದವರು ಇದನ್ನು ಎಂದೋ ಕಂಡುಕೊಂಡಿದ್ದರು. ನಮ್ಮ ಮಲೆನಾಡಿನ ಗೊರಬೆಯಾಗಲಿ, ಇಲ್ಲಿ ಮಾವಳ, ಮುಳಶಿಯ ರೈತರು ನಾಟಿಯ ಹೊತ್ತಿಗೆ ಹೊದೆಯುತ್ತಿದ್ದ ಇರಲೆಯಾಗಲಿ ಬಾಗಿದ ಬೆನ್ನನ್ನಷ್ಟೇ ಕಾಯುತ್ತದೆ. ಮುಂಭಾಗ ಪೂರ್ತಿ ತೆರೆದಿರುತ್ತದೆ, ಗಾಳಿ ಓಡಾಡುತ್ತದೆ, ಕಾಲು ನೆನೆದರೆ ನೆನೆಯಲಿ ಎಂದು ಬಿಟ್ಟುಬಿಡುತ್ತದೆ. ಬೆಚ್ಚಗಿನ ಮಳೆಯಲ್ಲಿ ಮೈ ಬಗ್ಗಿಸಿ ಕೆಲಸ ಮಾಡುವವರಿಗೆ ಇದಕ್ಕಿಂತ ವಿವೇಕದ ಉಡುಪನ್ನು ನಾನು ಕಂಡಿಲ್ಲ.

ಹಾಗಾಗಿ ಏರಿನಲ್ಲಿ ನಾನು ಬೇಗ ಆರುವ ಚಡ್ಡಿಯನ್ನೇ ತೊಟ್ಟು, ಪ್ಯಾಂಟನ್ನು ಬೆನ್ನಿನ ಚೀಲದಲ್ಲಿ ಒಯ್ಯುತ್ತೇನೆ. ಪುಣೆಯ ಹತ್ತಿರದ ಸಿಂಹಗಡ ಕೋಟೆ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿದೆ. ಮಳೆಗಾಲದಲ್ಲಿ ಅದರ ನೆತ್ತಿಯ ಗಾಳಿಗೆ ನಿಂತು ಒಂದು ಪಿಠಲಾ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ತಿಂದು ಮುಗಿಸುವಷ್ಟರಲ್ಲಿ ಏರಿನ ಶಾಖವೆಲ್ಲ ಇಳಿದು ತೊಡೆ ನಡುಗಲು ಶುರುವಾಗುತ್ತದೆ. ಆಗ ಪ್ಯಾಂಟು ಬೇಕು. ಇಳಿಜಾರಿನಲ್ಲಿ ಪೆಡಲ್ ತುಳಿಯುವುದಿಲ್ಲವಾದ್ದರಿಂದ ಬೆವರು ಇಲ್ಲ, ಗಾಳಿಯ ಹೊಡೆತ ಮಾತ್ರ ಇದೆ. ತಾಮ್ಹಿಣಿಯಲ್ಲಿ ಟಯರ್ ಪಂಕ್ಚರ್ ಆಗಿ ಮಳೆಯಲ್ಲೇ ಕುಳಿತು ಟ್ಯೂಬ್ ಬದಲಿಸಬೇಕಾಗಿ ಬಂದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ನಿಜವಾದ ಚಳಿಗಾಲವೆಂದರೆ ಡಿಸೆಂಬರ್, ಜನವರಿಯ ಒಣ ಮುಂಜಾವು. ಪುಣೆಯ ಪಾಷಾಣ್ ಬಡಾವಣೆಯ ಕಡೆ ತಾಪಮಾನ ಹತ್ತರ ಕೆಳಗಿಳಿದರೂ ಮಳೆಯಿಲ್ಲ, ಪವನಾ ಹಿನ್ನೀರಿನ ಹುಲ್ಲಿನಲ್ಲಿ ಓಡಿಸುವವರ ಮೊಣಕಾಲಿನ ಕೆಳಭಾಗ ಇಬ್ಬನಿಯಿಂದ ತೋಯುವುದಷ್ಟೇ. ಅದಕ್ಕೆ ಗಾಳಿ ತಡೆಯುವ ತೆಳು ಪ್ಯಾಂಟು ಸಾಕು.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಕೂರುವ ಭಾಗ. ಬಟ್ಟೆಯ ಜಲನಿರೋಧಕ ಗುಣವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ. 10,000 ಮಿಲಿಮೀಟರ್ ಎಂದು ಬರೆದಿದ್ದರೆ ಹತ್ತು ಮೀಟರ್ ನೀರಿನ ಒತ್ತಡವನ್ನು ಅದು ತಾಳಿಕೊಂಡಿತು ಎಂದರ್ಥ, ಅದು ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋ ಭಾರಕ್ಕೆ ಸಮ. ಮಳೆಹನಿಯ ಹೊಡೆತಕ್ಕೆ ಇದು ಧಾರಾಳವಾಯಿತು. ಆದರೆ ಸೈಕಲ್ಲಿನ ಸೀಟು ಕುರ್ಚಿಯಲ್ಲ. ಮೈಭಾರದ ಬಹುಪಾಲು ಅಂಗೈಯಗಲದ ಜಾಗದ ಮೇಲೆ, ಅದರಲ್ಲೂ ಎರಡು ಮೂಳೆಗಳ ಕೆಳಗೆ ಬೀಳುತ್ತದೆ, ದಾರಿಯ ಕಲ್ಲುಗಳಿಂದ ಬರುವ ಕುಲುಕಾಟ ಅದಕ್ಕೆ ಸೇರುತ್ತದೆ. ಹಿಂದಿನ ಚಕ್ರ ಎರಚಿದ ಕೆಸರುನೀರು ಆ ಬಟ್ಟೆ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡು ಸವಾರಿಯುದ್ದಕ್ಕೂ ಒತ್ತಿಸಿಕೊಳ್ಳುತ್ತದೆ, ಮಣ್ಣಿನ ಸಣ್ಣ ಕಣಗಳು ಉಪ್ಪುಕಾಗದದಂತೆ ಉಜ್ಜುತ್ತವೆ. ನನ್ನ ಪ್ಯಾಂಟಿನಲ್ಲಿ ಮೊದಲು ಸೋತದ್ದು ಈ ಜಾಗವೇ. ನಾಲ್ಕು ಹೊಲಿಗೆಗಳು ಕೂಡುವ ಮೂಲೆಯಲ್ಲಿ, ಸೂಜಿಯ ತೂತುಗಳಿಂದ ನೀರು ಬರದಂತೆ ಒಳಗೆ ಅಂಟಿಸಿರುವ ಟೇಪಿನ ಅಂಚು ಉಗುರಿನಷ್ಟು ಮೇಲೆದ್ದಿತು, ಅಲ್ಲಿಂದಲೇ ನೀರು ಒಳಬರತೊಡಗಿತು. ಆದ್ದರಿಂದ ಕೂರುವ ಜಾಗದ ನಡುವೆ ಹೊಲಿಗೆಗಳು ಕೂಡದಂತೆ ಬೇರೆ ತುಂಡು ಕೊಟ್ಟು, ಅಲ್ಲಿ ದಪ್ಪ ಬಟ್ಟೆ ಹಾಕಿರುವ ಪ್ಯಾಂಟನ್ನೇ ಆರಿಸಬೇಕು, ಪೊರೆಯ ಹೆಸರನ್ನು ಆಮೇಲೆ ನೋಡಿದರಾಯಿತು. ಅದರ ಜೊತೆಗೆ ಹಿಂದಿನ ಚಕ್ರಕ್ಕೆ ನೂರಿನ್ನೂರು ರೂಪಾಯಿಯ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿಸುವುದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಪ್ಯಾಂಟಿನ ಆಯುಷ್ಯವನ್ನು ಅದರಷ್ಟು ಹೆಚ್ಚಿಸುವ ವಸ್ತು ಬೇರೊಂದಿಲ್ಲ.

ಹಿಂಬದಿ ಸೊಂಟದ ಪಟ್ಟಿ ಎತ್ತರವಾಗಿರಬೇಕು, ಮೊಣಕಾಲು ಬಗ್ಗಿದ ಆಕಾರದಲ್ಲೇ ಹೊಲಿದಿರಬೇಕು, ಒಳಗೆ ಮೊಣಕಾಲಿನ ಪ್ಯಾಡಿಗೆ ಜಾಗವಿರಬೇಕು. ತೊಡೆಯ ಪಕ್ಕದಲ್ಲಿ ಜಿಪ್ ಇಲ್ಲದ ಪ್ಯಾಂಟನ್ನು ಸಹ್ಯಾದ್ರಿಗೆ ತರಲೇಬಾರದು, ಪೊರೆ ಮಾಡಲಾರದ ಕೆಲಸವನ್ನು ಇಲ್ಲಿ ಆ ತೆರಪೇ ಮಾಡಬೇಕು. ಬಲಗಾಲಿನ ಅಂಚು ಚೈನಿನ ಹಲ್ಲಿಗೆ ಸಿಗದಂತೆ ಬಿಗಿಯಾಗಿ ಕಟ್ಟಿಕೊಳ್ಳಲು ಬರಬೇಕು. ಪುಣೆಯ ಲಕ್ಷ್ಮಿ ರಸ್ತೆಯ ಅಂಗಡಿಗಳಲ್ಲಿ ಸ್ಕೂಟರ್ ಸವಾರರಿಗೆಂದು ಮಾರುವ ಪಿವಿಸಿ ಲೇಪನದ ರೇನ್ ಪ್ಯಾಂಟು ಕಚೇರಿಗೆ ಹೋಗಿಬರಲು ಒಳ್ಳೆಯದೇ, ಆದರೆ ಅದರ ಅಗಲ ಕಾಲು ಚೈನಿಗೆ ಸಿಕ್ಕಿ ಹರಿಯುವುದನ್ನು ಬಹಳ ಸಲ ನೋಡಿದ್ದೇನೆ, ತುಳಿಯುವಾಗ ಒಳಗೆ ಹಬೆಯೇ ತುಂಬಿಕೊಳ್ಳುತ್ತದೆ.

ಈ ಲೆಕ್ಕದಿಂದ ಕರಾವಳಿಯಲ್ಲಿರುವ ಗೆಳೆಯರಿಗೆ ನಾನು ಇಂಥ ಪ್ಯಾಂಟು ಬೇಡವೆಂದೇ ಹೇಳುತ್ತೇನೆ. ಪುಣೆಯವರಿಗೆ, ಅದೂ ಮಳೆಗಾಲದಲ್ಲಿ ಘಟ್ಟ ಹತ್ತಿ ಇಳಿಯುವ ಅಭ್ಯಾಸವಿದ್ದರೆ, ಚೀಲದಲ್ಲಿ ಮಡಚಿಡಬಹುದಾದ ಹಗುರವಾದ ಪ್ಯಾಂಟು ಬೇಕು. ಹಿಮಾಚಲದ ಕಡೆ ಅಕ್ಟೋಬರ್ ದಾಟಿದ ಮೇಲೆ ಬೈಕ್ ಒಯ್ಯುವವರು ಮಾತ್ರ ಆ ದುಬಾರಿಯ ದಪ್ಪ ಪ್ಯಾಂಟಿಗೆ ಹಣ ಹಾಕಬಹುದು.

ಕೊಂಡ ಮೇಲೆ ಅದನ್ನು ಕಾಪಾಡುವ ಕೆಲಸವಿದೆ, ನಮ್ಮ ಹವೆಯಲ್ಲಿ ಇದೇ ಹೆಚ್ಚು ಕಷ್ಟದ್ದು. ಹೊಸ ಪ್ಯಾಂಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಜಾರುವುದಕ್ಕೆ ಪೊರೆ ಕಾರಣವಲ್ಲ, ಹೊರಬಟ್ಟೆಯ ಮೇಲಿನ ರಾಸಾಯನಿಕ ಲೇಪ ಕಾರಣ. ಲೇಪ ಸವೆದಾಗ ಹೊರಬಟ್ಟೆ ನೀರು ಕುಡಿದು ಕಪ್ಪಗಾಗುತ್ತದೆ, ಆವಿಯ ದಾರಿ ಮುಚ್ಚುತ್ತದೆ, ಒಳಗೆ ಬೆವರು ನಿಲ್ಲುತ್ತದೆ. ಆಗ ಬಹಳ ಮಂದಿ ಪ್ಯಾಂಟು ಸೋರುತ್ತಿದೆ ಎಂದು ತಿಳಿದು ಅದನ್ನು ಮೂಲೆಗೆ ಎಸೆಯುತ್ತಾರೆ. ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ, ಒಗೆಯುವ ಕಲ್ಲಿನ ಮೇಲೆ ಬ್ರಷ್ಷಿನಿಂದ ತಿಕ್ಕಬಾರದು, ಬಟ್ಟೆ ಮೃದುವಾಗಿಸುವ ದ್ರವವನ್ನಂತೂ ಹತ್ತಿರ ತರಬಾರದು. ಕೆಸರು ಒಣಗುವ ಮೊದಲೇ ಪೈಪಿನ ನೀರು ಬಿಟ್ಟು, ಇಂಥ ಬಟ್ಟೆಗಳಿಗೆಂದೇ ಸಿಗುವ ದ್ರವ ಸೋಪಿನಲ್ಲಿ ಕೈಯಿಂದ ಅದ್ದಿ, ನಾಲ್ಕೈದು ನೀರಿನಲ್ಲಿ ಜಾಲಿಸಬೇಕು. ಒಣಗಿದ ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಶಾಖದ ಇಸ್ತ್ರಿ ಆಡಿಸಿದರೆ ಲೇಪಕ್ಕೆ ಮತ್ತೆ ಜೀವ ಬರುತ್ತದೆ, ಬಾರದಿದ್ದರೆ ಸ್ಪ್ರೇ ಹೊಡೆಯಬೇಕು. ಪರಿಸರದಲ್ಲಿ ಕರಗದೆ ಉಳಿಯುವ ಫ್ಲೋರಿನ್ ಸಂಯುಕ್ತಗಳನ್ನು ಕಂಪನಿಗಳು ಈಗ ಕೈಬಿಡುತ್ತಿರುವುದು ಒಳ್ಳೆಯದೇ, ಆದರೆ ಹೊಸ ಲೇಪಗಳು ಎಣ್ಣೆ, ಕೊಳೆಯನ್ನು ಅಷ್ಟು ತಾಳಿಕೊಳ್ಳುವುದಿಲ್ಲವಾದ್ದರಿಂದ ಈ ಆರೈಕೆ ಹೆಚ್ಚು ಸಲ ಬೇಕಾಗುತ್ತದೆ.

ಪಾಲಿಯುರಿಥೇನ್ ಲೇಪ ತೇವ ಮತ್ತು ಶಾಖ ಎರಡೂ ಸೇರಿದಲ್ಲಿ ನಿಧಾನವಾಗಿ ಒಡೆಯುತ್ತದೆ, ಮೊದಲು ಅಂಟಂಟಾಗಿ ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಒದ್ದೆ ಪ್ಯಾಂಟನ್ನು ಮಡಚಿಡಲು ಕಪಾಟಿಗಿಂತ ಕೆಟ್ಟ ಜಾಗವಿಲ್ಲ, ಬೂಸ್ಟು ಬೇರೆ ಹಿಡಿಯುತ್ತದೆ. ನಾನು ಅದನ್ನು ಮಡಚದೆ, ಫ್ಯಾನಿನ ಕೆಳಗೆ ಒಳಮೈ ಹೊರಗಾಗಿಸಿ ಒಣಗಿಸಿ, ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಕೋಣೆಯಲ್ಲೇ ಇಡುತ್ತೇನೆ. ಸೀಟಿನ ಮೂಲೆಯಲ್ಲಿ ಎದ್ದಿದ್ದ ಆ ಟೇಪನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಲಿಗೆಗೆ ಹಚ್ಚುವ ಪಾಲಿಯುರಿಥೇನ್ ಅಂಟನ್ನು ತೆಳುವಾಗಿ ಬಳಿದು, ಮೇಲೆ ಭಾರವಿಟ್ಟು ಒಂದು ದಿನ ಬಿಟ್ಟಿದ್ದೆ. ದುರಸ್ತಿಯಾದ ಮೇಲೂ ಅದು ಮಳೆಗಾಲಗಳನ್ನು ಕಂಡಿದೆ, ಆ ಮೂಲೆ ಈವರೆಗೆ ಮತ್ತೆ ಸೋರಿಲ್ಲ.