ಅರವತ್ತು ವರ್ಷದ ಪುಟ್ಟ ಟ್ರ್ಯಾಕ್ಟರ್

ಅಮೆರಿಕದ ವಿಸ್ಕಾನ್ಸಿನ್‌ನ ಚಳಿ ಈ ವಾರ ಕೊಂಚ ತಗ್ಗಿದ್ದರಿಂದ, ಎರಡು ವರ್ಷಗಳಿಂದ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ನನ್ನ ಜಾನ್ ಡೀರ್ 110 ಗಾರ್ಡನ್ ಟ್ರ್ಯಾಕ್ಟರ್ ಇಂದು ಬೆಳಿಗ್ಗೆ ತನ್ನ ಶಕ್ತಿಯಿಂದಲೇ ಅಂಗಳಕ್ಕೆ ಬಂದು ನಿಂತಿತು. 1963ರಲ್ಲಿ ಆರಂಭವಾದ ಈ ಮಾದರಿ ಇದೇ ರಾಜ್ಯದ ಹೊರಿಕಾನ್ ಎಂಬ ಊರಿನಲ್ಲಿ ತಯಾರಾಗುತ್ತಿತ್ತು. ನನ್ನದು 1965ರದು, ಕೋಹ್ಲರ್‌ನ 8 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಎರಕದ ಕಬ್ಬಿಣದ ಎಂಜಿನ್ ಅದಕ್ಕಿದೆ.

ತುಕ್ಕು ಕೆರೆದು ಹಸಿರು, ಹಳದಿ ಬಣ್ಣ ಬಳಿಯಲು ತಾಳ್ಮೆಯಿದ್ದರೆ ಸಾಕಿತ್ತು. ನನ್ನನ್ನು ಕಾಡಿದ್ದು ಪೆಟ್ರೋಲ್ ಹೊತ್ತಿಸುವ ಕಿಡಿ. ಪೆಟ್ರೋಲ್ ಸರಿಯಾಗಿ ಬರುತ್ತಿತ್ತು, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಚೆನ್ನಾಗಿತ್ತು, ಆದರೂ ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಕೊನೆಗೆ ಪಾಯಿಂಟ್‌ಗಳ, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಎರಡು ಲೋಹದ ತುದಿಗಳ, ಪುಟ್ಟ ಮುಚ್ಚಳ ಬಿಚ್ಚಿ ನೋಡಿದರೆ ಎರಡರ ಮುಖವೂ ಕಪ್ಪುಗಟ್ಟಿತ್ತು. ಅವನ್ನು ನಯವಾಗಿ ಉಜ್ಜಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಇಟ್ಟು, ನಡುವಿನ ಸಂದನ್ನು 0.020 ಇಂಚಿಗೆ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗೆ ಹೊಂದಿಸಿದ ಮೇಲೆ ಎರಡನೆಯ ಪ್ರಯತ್ನಕ್ಕೇ ಎಂಜಿನ್ ಗುಡುಗುಡು ಎಂದಿತು. ಮಂಡ್ಯದ ನಮ್ಮ ಗದ್ದೆಯ ಬದುವಿನಲ್ಲಿ ಅಪ್ಪ ಪವರ್ ಟಿಲ್ಲರ್ ಬಿಚ್ಚಿಕೊಂಡು ಕೂತು, ಒಂದೊಂದು ನಟ್ಟನ್ನೂ ಪಂಚೆಯ ಅಂಚಿನಲ್ಲಿ ಒರೆಸಿಡುತ್ತಿದ್ದುದು ಆ ಕ್ಷಣದಲ್ಲಿ ನೆನಪಾಯಿತು.

ಇದನ್ನು ಪ್ರದರ್ಶನಕ್ಕಿಡುವಂತೆ ಗೆಳೆಯರು ಹೇಳುತ್ತಾರೆ. ನನಗೆ ಆ ಮನಸ್ಸಿಲ್ಲ. ಒಂದು ಸ್ಪ್ಯಾನರ್ ಸೆಟ್ಟಿನಿಂದ ಮನೆಯವರೇ ಬಿಚ್ಚಿ ಜೋಡಿಸಬಹುದಾದ ಯಂತ್ರವನ್ನು ಉಳುವುದಕ್ಕೆಂದೇ ಮಾಡಿದ್ದಾರೆ. ಅದು ಮಣ್ಣಿನಲ್ಲಿ ಓಡಾಡುತ್ತಿರುವಾಗಲೇ ನನಗೆ ಚೆಂದ ಕಾಣುತ್ತದೆ. ಹಿತ್ತಲಿನ ಮಣ್ಣು ಇನ್ನೂ ಹಸಿಯಾಗಿದೆ. ಶನಿವಾರದ ಹೊತ್ತಿಗೆ ಆರಿದರೆ ನೇಗಿಲು ಕಟ್ಟಿ, ಮೆಣಸಿನ ಸಸಿಗಳಿಗೆ ಸಾಲು ಹೊಡೆಯುತ್ತೇನೆ.