ನಳದ ಸಾಲಿನಲ್ಲಿ ಸಿಕ್ಕವರು

ಪಿಂಕಿ ಮಮ್ಮಿ ಕನ್ನಡದವಳು ಅಂತ ನನಗೆ ಗೊತ್ತಾಗಿದ್ದು ಅವಳು ನನ್ನನ್ನು ಬೈದಾಗ.

2001ರ ಬೇಸಿಗೆ. ಪುಣೆಯ ಖಡಕಿ. ಫೌಜಿಗಳ ಬಾಯಲ್ಲಿ ಅದು ಇವತ್ತಿಗೂ ಕಿರ್ಕಿ. ನಮ್ಮದು ಸೇನೆಯ ಹಳೇ ಕ್ವಾರ್ಟರ್ಸ್, ಒಂದೇ ಸಾಲಿನಲ್ಲಿ ಹನ್ನೆರಡು ಮನೆ, ಕೊನೆಗೊಂದು ನಳ. ಮನೆಯೊಳಗೂ ನಳ ಇತ್ತು, ಆದರೆ ಅದರಲ್ಲಿ ನೀರಿಗಿಂತ ಗಾಳಿ ಜಾಸ್ತಿ. ಕಂಪ್ಲೇಂಟ್ ಪುಸ್ತಕದಲ್ಲಿ ಬರೆದು ಬರೆದು ಕೈ ನೋಯಿತು. ಹೀಗಾಗಿ ಬೆಳಿಗ್ಗೆ ಐದಕ್ಕೆ ಎಲ್ಲರೂ ಕೊಡ ಹಿಡಿದು ಹೊರಗೆ. ಮೊದಲು ಏಳುತ್ತಿದ್ದವಳು ಹಿಮಾಲಯದ ಕಡೆಯ ಪಿಥೋರಾಗಢದ ಬಿಟ್ಟೂ ಮಮ್ಮಿ. ಅವಳು ಬಾಗಿಲು ಬಾಗಿಲು ತಟ್ಟುತ್ತಾ "ಪಾನೀ ಆ ಗಯಾ" ಅಂತ ಕೂಗಿಕೊಂಡು ಹೋಗುತ್ತಿದ್ದಳು. ನಮ್ಮ ಸಾಲಿಗೆ ಅದೇ ಅಲಾರಂ. ಆರ್ಡ್‌ನೆನ್ಸ್ ಫ್ಯಾಕ್ಟರಿಯ ಭೋಂಗಾ, ಅಂದರೆ ಸೈರನ್, ಎಲ್ಲ ಆಮೇಲೆ.

ಒಂದು ದಿನ ನಾನು ಎರಡು ಕೊಡದ ಜೊತೆ ಒಂದು ಬಕೆಟ್ಟನ್ನೂ ಸಾಲಿನಲ್ಲಿಟ್ಟೆ. ಮನೆಗೆ ಅತ್ತೆ ಮಾವ ಬಂದಿದ್ದರು. ಹಿಂದೆ ನಿಂತವಳು ಮೊದಲು ಹಿಂದಿಯಲ್ಲಿ ಏನೋ ಅಂದಳು. ಆಮೇಲೆ ತನ್ನಷ್ಟಕ್ಕೆ ಗೊಣಗಿದಳು: "ಇಕೀಗೇನ ಧಾಡಿ ಬಡದೈತಿ, ಊರ ನೀರೆಲ್ಲ ಇಕೀಗೇ ಬೇಕೇನು?"

ನಾನು ತಿರುಗಿದೆ. "ಏನಂದ್ರಿ?"

ಅವಳ ಮುಖ ನೋಡಬೇಕಿತ್ತು. "ಅಯ್ಯ ನಮ್ಮವ್ವ, ನೀವು ನಮ್ಮ ಕಡಿಯವರೇನ್ರೀ?"

ನಾಲ್ಕು ತಿಂಗಳಿಂದ ಪಕ್ಕಪಕ್ಕದ ಮನೆಯಲ್ಲಿದ್ದು ನಾವಿಬ್ಬರೂ ಹರಕುಮುರುಕು ಹಿಂದಿಯಲ್ಲಿ ಮಾತಾಡಿಕೊಂಡಿದ್ದೆವು. ಅವಳು ನನ್ನನ್ನು ಮದ್ರಾಸಿನ ಕಡೆಯವಳು ಅಂದುಕೊಂಡಿದ್ದಳು. ನಾನು ಅವಳನ್ನು ಮರಾಠಿಯವಳು ಅಂದುಕೊಂಡಿದ್ದೆ. ಅವಳ ಊರು ಗೋಕಾಕದ ಹತ್ತಿರ, ನನ್ನದು ಬ್ಯಾಡಗಿ. ಮಾತಾಡುತ್ತಾ ನಿಂತು ಇಬ್ಬರ ಕೊಡವೂ ಅರ್ಧಕ್ಕೇ ನಿಂತಿತು, ನೀರು ಹೋಯಿತು.

ಫೌಜಿ ಲೈನಿನಲ್ಲಿ ಹೆಂಗಸರಿಗೆ ಹೆಸರಿರುವುದಿಲ್ಲ. ಅವಳು ಪಿಂಕಿ ಮಮ್ಮಿ, ನಾನು ಸೋನು ಮಮ್ಮಿ. ವೆಲ್ಲೂರಿನವಳೊಬ್ಬಳಿಗೆ ಮಕ್ಕಳಿರಲಿಲ್ಲ, ಹಾಗಾಗಿ ಅವಳು "ಕೋನೆ ವಾಲೀ ಭಾಭಿ", ಮೂಲೆ ಮನೆ ಅತ್ತಿಗೆ. ಪಾಪ, ಅವಳಿಗೆ ಅದು ಎಷ್ಟು ಚುಚ್ಚುತ್ತಿತ್ತೋ, ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಈಗ ಯಾರಾದರೂ "ಆರ್ಮಿಯಲ್ಲಿ ಎಲ್ಲರೂ ಒಂದೇ ಕುಟುಂಬದ ಹಾಗೆ ಅಲ್ವಾ?" ಅಂತ ಕೇಳಿದರೆ ನಾನು ಸುಮ್ನೆ ನಗುತ್ತೇನೆ. ಹನ್ನೆರಡು ಮನೆಯಲ್ಲಿ ಒಂದು ವಾರ ಜಗಳವಿಲ್ಲದೆ ಕಳೆದಿದ್ದಿಲ್ಲ. ಬಟ್ಟೆ ಒಣಗಿಸುವ ತಂತಿಗೆ ಜಗಳ, ಮಕ್ಕಳ ಕ್ರಿಕೆಟ್ಟಿಗೆ ಜಗಳ, ಕ್ಯಾಂಟೀನ್‌ನಲ್ಲಿ ಸಾಲು ಮುರಿದಿದ್ದಕ್ಕೆ ಜಗಳ. ಆಫೀಸರ್ ಹೆಂಡತಿಯರು ಮೇಮ್‌ಸಾಬ್, ನಾವು ಬರೀ ಲೇಡೀಸ್. ಸೈನಿಕರ ಹೆಂಡತಿಯರ ಸಂಘ ಆವಾ 1966ರಿಂದ ಇದೆ. ತಿಂಗಳಿಗೊಮ್ಮೆ ವೆಲ್ಫೇರ್ ಮೀಟ್ ಇರುತ್ತಿತ್ತು. ಸೀರೆ ಉಟ್ಟು ಹೋಗಿ, ಸಮೋಸ ತಿಂದು, ತಂಬೋಲಾ ಆಡಿ ಬರುತ್ತಿದ್ದೆವು. ಹೊಲಿಗೆ ಕಲಿತಿದ್ದು ಅಲ್ಲೇ, ಆ ಉಪಕಾರ ಮರೆಯಲಾರೆ. ಆದರೆ ಮೊದಲ ಸಾಲಿನ ಕುರ್ಚಿಗೂ ಹಿಂದಿನ ಸಾಲಿನ ಕುರ್ಚಿಗೂ ನಡುವೆ ಗೆಳೆತನ ಹುಟ್ಟಿದ್ದನ್ನು ನಾನಂತೂ ನೋಡಲಿಲ್ಲ.

2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆಯಿತು. ಆ ತಿಂಗಳು ಮುಗಿಯುವುದರೊಳಗೆ ನಮ್ಮ ಸಾಲಿನಲ್ಲಿ ಗಂಡಸರೇ ಇರಲಿಲ್ಲ. ಆಪರೇಷನ್ ಪರಾಕ್ರಮ್ ಅಂತ ಸೈನ್ಯವನ್ನು ಗಡಿಗೆ ಕಳಿಸಿದ್ದರು. ಇವರದು ಇಎಂಇ, ಗಾಡಿ ರಿಪೇರಿ ಕೆಲಸ. ಪಿಂಕಿ ಪಪ್ಪಾನೂ ಅದೇ. ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು ಬರೆದು ಕಟ್ಟಿಕೊಂಡು ಹೋದರು. ಎಲ್ಲಿಗೆ ಅಂತ ಹೇಳುವ ಹಾಗಿಲ್ಲ. ಪತ್ರ ಬರೆಯುವ ವಿಳಾಸ ಕೇರ್ ಆಫ್ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಮನುಷ್ಯ ರಾಜಸ್ಥಾನದ ಮರಳಿನಲ್ಲಿರಲಿ, ಕಾಶ್ಮೀರದಲ್ಲಿರಲಿ, ವಿಳಾಸ ಅದೇ. ನಮ್ಮ ಮಾವ ಊರಿಂದ ಫೋನ್ ಮಾಡಿ "ಈ ಐವತ್ತಾರು ಎಲ್ಲಿ ಬರತೈತಿ, ನಕಾಶದಾಗ ಸಿಗವಲ್ದು" ಅಂತ ಕೇಳಿದ್ದರು.

ಹತ್ತು ತಿಂಗಳು ಹಾಗೇ ಹೋಯಿತು. ಮೊದಲ ತಿಂಗಳು ಒಬ್ಬರ ಮುಂದೊಬ್ಬರು ಧೈರ್ಯ ತೋರಿಸಿದೆವು. ಆಮೇಲೆ ಅದಕ್ಕೂ ಬೇಜಾರಾಯಿತು. ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಒಂದೇ ಪರಾತದಲ್ಲಿ ಹಿಟ್ಟು ನಾದುತ್ತಿದ್ದೆವು. ನಾನು ರೊಟ್ಟಿ ಬಡಿಯುವ ಸದ್ದಿಗೆ ಬಿಟ್ಟೂ ಮಮ್ಮಿಗೆ ನಗು. ಅವಳು ಯಾವಾಗಲೂ ಸ್ವೆಟರ್ ಹೆಣೆಯುತ್ತಿದ್ದಳು. ರಾಜಸ್ಥಾನದಲ್ಲಿ ಸ್ವೆಟರ್ ಯಾಕೆ ಅಂದರೆ, ರಾತ್ರಿ ಮರಳು ಹಿಮದ ಹಾಗೆ ತಣ್ಣಗಾಗುತ್ತೆ ಅಂತ ಬರೆದಿದ್ದಾರೆ ಅನ್ನುತ್ತಿದ್ದಳು. ಅಂದರೆ ಅವಳ ಗಂಡ ಎಲ್ಲಿದ್ದಾರೆ ಅಂತ ಅವಳಿಗೆ ಗೊತ್ತಿತ್ತು. ನಾವು ಯಾರೂ ಬಾಯಿ ಬಿಡಲಿಲ್ಲ.

ಪಿಂಕಿ ಮಮ್ಮಿ ಆಗ ಬಸುರಿ. ಅವಳ ಅವ್ವ ತೀರಿಕೊಂಡು ವರ್ಷವಾಗಿತ್ತು. ತವರಿಗೆ ಹೋದರೆ ಅಣ್ಣನ ಹೆಂಡತಿ ಮುಖ ನೋಡಬೇಕು ಅಂತ ಹೋಗಲಿಲ್ಲ. 2002ರ ಆಗಸ್ಟ್, ನಾಗರ ಪಂಚಮಿಯ ಹಿಂದುಮುಂದಿನ ದಿನಗಳು. ರಾತ್ರಿ ಎರಡಕ್ಕೆ ಗೋಡೆ ಬಡಿದಳು. ನಮ್ಮಿಬ್ಬರ ಅಡುಗೆಮನೆಗೆ ಒಂದೇ ಗೋಡೆ, ಲಟ್ಟಣಿಗೆಯಿಂದ ಬಡಿದರೆ ಈ ಕಡೆ ಕೇಳುತ್ತೆ. ಪುಣೆಯ ಮಳೆ ಅಂದರೆ ಸಣ್ಣಗೆ ರಾತ್ರಿಯೆಲ್ಲ ಹಿಡಿದುಕೊಳ್ಳುವ ಮಳೆ. ನಾನು ಸೋನುವನ್ನೂ ಪಿಂಕಿಯನ್ನೂ ಮೂಲೆ ಮನೆ ಭಾಭಿಯ ಹಾಸಿಗೆಗೆ ಎತ್ತಿ ಹಾಕಿ, ಗೇಟಿನ ಗಾರ್ಡ್ ಹತ್ತಿರ ಓಡಿದೆ. ಗಾಡಿ ಬರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಬಿಟ್ಟೂ ಮಮ್ಮಿ ಬಂದು ಅವಳ ಸೊಂಟ ಹಿಡಿದು ಕೂತಿದ್ದಳು.

ಮಿಲಿಟರಿ ಆಸ್ಪತ್ರೆಯಲ್ಲಿ ಫಾರಂ ತುಂಬುವ ಹುಡುಗ ಪೇಷಂಟ್ ಹೆಸರೇನು ಅಂದ. ನಾನು ಬೆಬ್ಬೆಬ್ಬೆ. ಒಳಗೆ ನೋವಿನಲ್ಲಿ ಒದ್ದಾಡುತ್ತಿದ್ದವಳ ಹತ್ತಿರ ಹೋಗಿ "ರೀ, ನಿಮ್ಮ ಹೆಸರೇನ್ರೀ?" ಅಂತ ಕೇಳಿದೆ. ಅಂಥ ಹೊತ್ತಿನಲ್ಲೂ ಅವಳು ನಕ್ಕಳು. ಇಲ್ಲಿ ಅವಳ ಹೆಸರು ಬರೆಯಲ್ಲ. ಅವಳೇ ಬೇಡ ಅಂದಿದ್ದಾಳೆ.

ಗಂಡು ಮಗು. ಅಪ್ಪನಿಗೆ ಸುದ್ದಿ ಮುಟ್ಟಿದ್ದು ನಾಲ್ಕನೇ ದಿನ. ಅಪ್ಪ ಮಗುವಿನ ಮುಖ ನೋಡಿದಾಗ ಅದಕ್ಕೆ ಕತ್ತು ನಿಂತಿತ್ತು. ನಾನು ಅಂಟಿನುಂಡಿ ಮಾಡಿದೆ. ಅಂಟು ಹುಡುಕಿಕೊಂಡು ಖಡಕಿ ಬಜಾರೆಲ್ಲ ಸುತ್ತಿದ್ದೆ. ಬಿಟ್ಟೂ ಮಮ್ಮಿ ದಿನಾ ಬೆಳಿಗ್ಗೆ, ನೀರು ಹಿಡಿದಾದ ಮೇಲೆ, ಸಾಸಿವೆ ಎಣ್ಣೆ ತಂದು ಮಗುವಿಗೆ ತಿಕ್ಕುತ್ತಿದ್ದಳು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಅಂದರೆ ಕೇಳುತ್ತಿರಲಿಲ್ಲ. "ಪಹಾಡೀ ಬನೇಗಾ" ಅನ್ನುತ್ತಿದ್ದಳು. ಮಗು ಗುಡ್ಡದ ಜನರ ಹಾಗೆ ಗಟ್ಟಿ ಆಗುತ್ತಂತೆ.

ಇನ್ನು ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ನಮ್ಮ ಸಾಲಿನ ತುದಿಯಲ್ಲಿ ಜೀಪು ನಿಂತಿತು. ಒಬ್ಬ ಸುಬೇದಾರ್ ಸಾಹೇಬರು, ಒಬ್ಬ ಆಫೀಸರ್, ಇಬ್ಬರು ಮೇಮ್‌ಸಾಬ್. ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಿಗೆ ಬಂದರು. ಯಾರೂ ಕೂಗಲಿಲ್ಲ, ಯಾರೂ ಕೇಳಲಿಲ್ಲ. ಅವರು ಒಂದೊಂದೇ ಮನೆ ದಾಟಿ ಬರುತ್ತಿದ್ದರು. ನನ್ನ ಬಾಗಿಲು ದಾಟಿದರು. ಆಗ ನನಗೆ ಉಸಿರು ಬಂತು. ಸಂತೋಷ ಅಂತಲೇ ಅನ್ನಬೇಕು, ಬೇರೆ ಪದ ಇಲ್ಲ. ಆಮೇಲೆ ಪಿಂಕಿ ಮಮ್ಮಿಯ ಮನೆಯನ್ನೂ ದಾಟಿದರು. ಅದರ ಮುಂದಿನ ಬಾಗಿಲಿನಲ್ಲಿ ಬಿಟ್ಟೂ ಮಮ್ಮಿ ಕೈಯಲ್ಲಿ ಹೆಣಿಗೆ ಕಡ್ಡಿ ಹಿಡಿದು ನಿಂತಿದ್ದಳು.

ಗಡಿಯಲ್ಲಿ ಮೈನ್ ಸಿಡಿದಿತ್ತು. ಯುದ್ಧವೇ ಆಗಲಿಲ್ಲ ಅಂತ ಪೇಪರಿನವರು ಬರೆಯುತ್ತಾರೆ. ಮೈನ್ ಹೂಳುವಾಗ, ತೆಗೆಯುವಾಗ ಸತ್ತವರ ಮನೆಯವರಿಗೆ ಅದನ್ನು ಹೇಳಿ ನೋಡಲಿ.

ನಾವು ಮಾಡಬೇಕಾಗಿದ್ದನ್ನೆಲ್ಲ ಮಾಡಿದೆವು. ಸರದಿಯಲ್ಲಿ ಅಡುಗೆ ಕೊಟ್ಟೆವು, ರಾತ್ರಿ ಜೊತೆಗೆ ಮಲಗಿದೆವು, ಬಿಟ್ಟೂನ ಹೋಂವರ್ಕ್ ಮಾಡಿಸಿದೆವು. ನಾಲ್ಕನೇ ವಾರದಿಂದ ಅವಳು ಮತ್ತೆ ಐದಕ್ಕೆ ಎದ್ದು ಬಾಗಿಲು ತಟ್ಟಲು ಶುರು ಮಾಡಿದಳು. ಮುಂದಿನ ಏಪ್ರಿಲ್‌ನಲ್ಲಿ ಕೇಂದ್ರೀಯ ವಿದ್ಯಾಲಯದ ಪರೀಕ್ಷೆ ಮುಗಿಸಿಕೊಂಡು ಊರಿಗೆ ಹೊರಟಳು. ಪುಣೆ ಸ್ಟೇಷನ್‌ನಲ್ಲಿ ವಿಳಾಸ ಬರೆದ ಚೀಟಿ ನನ್ನ ಕೈಗಿಟ್ಟಳು. ನಾನು ಒಂದು ಪತ್ರವನ್ನೂ ಬರೆಯಲಿಲ್ಲ. ಇನ್‌ಲ್ಯಾಂಡ್ ತಂದಿಟ್ಟುಕೊಂಡಿದ್ದೆ, ಮೊದಲ ಸಾಲೇ ಮೇಲೇಳಲಿಲ್ಲ. ಚೀಟಿ ಯಾವ ವರ್ಗಾವಣೆಯಲ್ಲಿ ಕಳೆಯಿತೋ. ಬಠಿಂಡಾಕ್ಕೆ ಹೋಗುವಾಗ ಇರಬೇಕು, ಇಲ್ಲ ಸಿಕಂದರಾಬಾದಿನಲ್ಲಿ.

ಪಿಂಕಿ ಮಮ್ಮಿ ಜಬಲ್‌ಪುರಕ್ಕೆ ಹೋದಳು. ಆದರೆ ನಮ್ಮಿಬ್ಬರದು ಕಡಿಯಲಿಲ್ಲ. ಭಾನುವಾರ ರಾತ್ರಿ ಎಸ್‌ಟಿಡಿ ಬೂತ್, ಆಮೇಲೆ ಮೊಬೈಲ್, ಈಗ ದಿನಾ ವಾಟ್ಸಾಪ್. ವರ್ಷಕ್ಕೊಮ್ಮೆ ನಾನು ಬ್ಯಾಡಗಿ ಮೆಣಸಿನ ಪುಡಿ ಕಳಿಸುತ್ತೇನೆ, ಅವಳು ಗೋಕಾಕದ ಕರದಂಟು ಕಳಿಸುತ್ತಾಳೆ. "ರೀ" ಹೋಗಿ "ಏ" ಆಗಿ ಬಹಳ ವರ್ಷವಾಯಿತು. ಇವರು 2016ರಲ್ಲಿ ಪೆನ್ಶನ್ ಬಂದ ಮೇಲೆ ನಾವು ಇಲ್ಲೇ ಪುಣೆಯ ದಿಘಿಯಲ್ಲಿ ಮನೆ ಮಾಡಿದೆವು. ಈ ಕಡೆ ಹತ್ತು ಹೆಜ್ಜೆಗೊಬ್ಬ ಮಾಜಿ ಫೌಜಿ ಸಿಗುತ್ತಾನೆ. ಪಿಂಕಿ ಮಮ್ಮಿಯವರು ಬೆಳಗಾವಿಯಲ್ಲಿ ನಿಂತರು.

ಆವತ್ತು ರಾತ್ರಿ ಹುಟ್ಟಿದ ಹುಡುಗ ಎನ್‌ಡಿಎ, ಅಂದರೆ ಖಡಕವಾಸ್ಲಾದ ಸೇನಾ ತರಬೇತಿ ಅಕಾಡೆಮಿ, ಸೇರಿದ. 2024ರ ನವೆಂಬರ್‌ನಲ್ಲಿ ಅವನ ಪಾಸಿಂಗ್ ಔಟ್ ಪರೇಡ್. ಗಂಡ ಹೆಂಡತಿ, ಪಿಂಕಿ, ಅಳಿಯ ಎಲ್ಲರೂ ನಮ್ಮ ಮನೆಗೇ ಬಂದಿಳಿದರು. ದಿಘಿಯಿಂದ ಖಡಕವಾಸ್ಲಾಕ್ಕೆ ಪುಣೆಯನ್ನು ಪೂರ್ತಿ ಸೀಳಿಕೊಂಡು ಹೋಗಬೇಕು, ಹಾಗಾಗಿ ನಸುಕಿಗೇ ಹೊರಟೆವು. ಖೇತ್ರಪಾಲ್ ಪರೇಡ್ ಗ್ರೌಂಡಿನಲ್ಲಿ ಅಷ್ಟೊಂದು ಹುಡುಗರು ಒಂದೇ ಹೆಜ್ಜೆ ಹಾಕುವಾಗ ನಮ್ಮವನು ಯಾರು ಅಂತ ಗುರುತು ಹಿಡಿಯುವುದು ಹೇಗೆ? ಅವಳು ಒಬ್ಬನನ್ನು ತೋರಿಸಿದಳು, ನಾನು ಇನ್ನೊಬ್ಬನನ್ನು. ಇಬ್ಬರದೂ ತಪ್ಪು. ಅಂತಿಮ್ ಪಗ್, ಅಂದರೆ ಕೊನೆಯ ಹೆಜ್ಜೆ, ದಾಟಿ ಹೊರಗೆ ಬಂದ ಮೇಲೆ ಅವನೇ ನಮ್ಮನ್ನು ಹುಡುಕಿಕೊಂಡು ಬಂದು "ದೊಡ್ಡವ್ವಾ" ಅಂತ ನನ್ನ ಕಾಲು ಮುಟ್ಟಿದ. ಅವನಪ್ಪ ಮೆಡಲ್ ಹಾಕಿದ ಬ್ಲೇಜರಿನಲ್ಲಿ ನೆಟ್ಟಗೆ ನಿಂತಿದ್ದರು, ಒಂದು ಮಾತೂ ಇಲ್ಲ. ಮಗ ಆಫೀಸರ್ ಆಗಲು ಆಗಿನ್ನೂ ಒಂದು ವರ್ಷ ಡೆಹ್ರಾಡೂನಿನ ತರಬೇತಿ ಇತ್ತು. ಆದರೆ ಪಿಂಕಿ ಮಮ್ಮಿಗೆ ಅದೆಲ್ಲ ಲೆಕ್ಕಕ್ಕಿಲ್ಲ. "ಏ, ಇನ್ನ ಮ್ಯಾಲ ನಾ ಮೇಮ್‌ಸಾಬ್‌ನ ಅತ್ತಿ. ಮೊದಲನೇ ಸಾಲಿನ ಕುರ್ಚಿ ನಂದು!"

ರಾತ್ರಿ ಊಟ ಆಗಿ ಪಾತ್ರೆ ತೊಳೆಯುತ್ತಿದ್ದೆವು. ಅವಳು ಸುಮ್ಮನಿದ್ದಳು. ಆಮೇಲೆ "ಬಿಟ್ಟೂ ಮಮ್ಮಿಗೆ ಫೋಟೋ ಕಳಿಸೇನಿ" ಅಂದಳು.

ನನ್ನ ಕೈ ನಿಂತಿತು. "ನಿನ್ನ ಹತ್ರ ಅವಳ ನಂಬರ್ ಐತೇನು?"

"ಮೊದಲಿಂದ ಐತಿ. ಹಬ್ಬಕ್ಕೊಮ್ಮೆ ಮಾತಾಡ್ತೇವಿ. ನೀ ಒಮ್ಮಿನೂ ಕೇಳಲಿಲ್ಲ, ನಾ ಹೇಳಲಿಲ್ಲ."

ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ ಮಾತನ್ನು ಆವತ್ತು ಸಿಂಕಿನ ಮುಂದೆ ನಿಂತು ಹೇಳಿದೆ. ಜೀಪು, ಬಾಗಿಲು, ಆ ಉಸಿರು. ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ನನಗೂ ಆಗಿತ್ತು. ಹಸಿ ಬಾಣಂತಿ ನಾ, ಕೂಸಿನ್ನ ಎದಿಗೆ ಒತ್ತಿಕೊಂಡು ನಿಂತಿದ್ನಿ. ನಮ್ಮನಿ ದಾಟ್ಲಿ, ದಾಟ್ಲಿ ಅಂತಿದ್ನಿ. ಅದಕ್ಕ ಫೋನ್ ಮಾಡ್ತೇನಿ."

ಕೈ ಒರೆಸಿಕೊಂಡು, ನನ್ನನ್ನು ಕೇಳದೇ, ಡಯಲ್ ಮಾಡಿ ಫೋನನ್ನು ನನ್ನ ಕಿವಿಗೆ ಹಿಡಿದಳು. ರಿಂಗ್ ಆಯಿತು. ಎತ್ತಿದರು. ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. ನಾನು ಬರೀ "ಮೈ, ಸೋನು ಮಮ್ಮಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ದನಿ, ಸ್ವಲ್ಪ ಒಡೆದಿತ್ತು ಅಷ್ಟೆ. ಅಲ್ಲಿ ಈಗ ನೀರು ಎಷ್ಟು ಗಂಟೆಗೆ ಬರುತ್ತೆ ಅಂತ ಹಿಂದಿಯಲ್ಲಿ ಕೇಳಿದಳು.

ಈಗ ಮೇಲೆ ಟ್ಯಾಂಕ್ ಇದೆ, ಯಾವಾಗ ಬೇಕಾದರೂ ಬರುತ್ತೆ ಅಂದೆ.