ಸ್ಪಂಜಿನ ಶ್ವಾಸಕೋಶ: ಐದನೇ ಎರಕಕ್ಕೆ ಮಚ್ಚೆ ನಿಂತಿತು

ನಿನ್ನೆ ರಾತ್ರಿ ಕೊನೆಯ ಪೇಷಂಟ್ ಹೋದ ಮೇಲೆ, ಸರ್ ಒಪ್ಪಿಗೆ ಪಡೆದು ಐದನೇ ಫ್ಯಾಂಟಮ್ಮನ್ನು (ರೋಗಿಯ ಬದಲು ಸ್ಕ್ಯಾನ್ ಮಾಡಿ ನೋಡುವ ಸ್ಪಂಜಿನ ನಕಲಿ ಶ್ವಾಸಕೋಶ) 1.5 ಟೆಸ್ಲಾ ಎಂ.ಆರ್.ಐ. ಮಷೀನಿಗೆ ಹಾಕಿದೆ. ಕಂಡಿತು! ಕಡುಬೂದು ಸ್ಪಂಜಿನ ಕೆಳಗಡೆ, ಎರಡೂ ಪಕ್ಕದ ಅಂಚಿನಲ್ಲಿ, ನ್ಯುಮೋನಿಯಾದ ನಕಲಿಯಾಗಿ ಇಟ್ಟ ಬೆಳ್ಳಗಿನ ಮಚ್ಚೆ. ಕೋವಿಡ್ ಹೊತ್ತಿನಲ್ಲಿ ಸಿ.ಟಿ.ಯಲ್ಲಿ ನೋಡಿ ನೋಡಿ ಕಣ್ಣಿಗೆ ಕಟ್ಟಿದ ಅದೇ ಜಾಗ.

ಸ್ಪಂಜು ಕತ್ತರಿಸಿ, ನೆನೆಸಿ, 100 ಮಿಲಿಗೆ 30 ಗ್ರಾಂ ತೂಗುವಷ್ಟು ಹಿಂಡಿದ್ದು ಹಳೇ ಕಥೆ. ನಾಲ್ಕು ವಾರ ತಿಂದದ್ದು ಈ ಮಚ್ಚೆ. ಮೈಲುತುತ್ತ ಬೆರೆಸಿದ ಅಗರ್ ಗಂಜಿಯನ್ನು ಸಿರಿಂಜಿನಿಂದ ಚುಚ್ಚಿದರೆ ಅಲ್ಲೇ ಹೆಪ್ಪುಗಟ್ಟಬೇಕು. ಪ್ರತಿ ಸಲವೂ ಸೋರಿ ತಳ ಸೇರುತ್ತಿತ್ತು. ಸ್ಕ್ಯಾನಿನಲ್ಲಿ ನೋಡಿದರೆ ಎದೆಯಲ್ಲಿ ನೀರು ತುಂಬಿದ ಹಾಗೆ!

ಅಂಗಡಿಯವರ ಮೇಲೆ ಸಿಟ್ಟು ಬಂತು. 32 ಡೆನ್ಸಿಟಿ ಫೋಮ್ ಕೇಳಿದರೆ 40ರದು ಕಳಿಸಿದ್ದರು, ಬದಲಿಸಿಕೊಡಲು ಹನ್ನೆರಡು ದಿನ. ಆದರೆ ತಪ್ಪು ಫೋಮಿನದಲ್ಲ, ಬಳ್ಳಾರಿ ಬಿಸಿಲಿನದು. ಅಗರ್ ಕರಗುವುದು ಸುಮಾರು 85 ಡಿಗ್ರಿಗೆ, ಗಟ್ಟಿಯಾಗುವುದು 32ರಿಂದ 40ರೊಳಗೆ. ನಮ್ಮ ಹಿತ್ತಲ ಕೋಣೆಯೇ ಮಧ್ಯಾಹ್ನ 41! ಈ ಸಲ ಸ್ಪಂಜನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ತಾಸು ಐಸಿನಲ್ಲಿಟ್ಟೆ. ಗಂಜಿ 50ಕ್ಕೆ ಇಳಿದಾಗ ಚುಚ್ಚಿದೆ. ಸೂಜಿ ತೆಗೆಯುವಷ್ಟರಲ್ಲಿ ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು. ಅವ್ವ ಮಾತ್ರ, "ಮೈಲುತುತ್ತ ಕಲಸಿದ ಗುಂಡಿ ಇನ್ನ ಅಡಗಿಮನಿಗೆ ತರಬ್ಯಾಡ" ಅಂದಳು. ಸರಿಯೇ, ಅದು ವಿಷ. ಬೇರೆ ಪಾತ್ರೆ ಇಟ್ಟಿದ್ದೇನೆ.

ಗ್ರೇಡಿಯಂಟ್ ಎಕೋ ಎಂಬ ಸ್ಕ್ಯಾನ್ ವಿಧಾನದಲ್ಲಿ, ಟಿ.ಇ. (ಸಿಗ್ನಲ್ ಹಿಡಿಯುವ ಮೊದಲು ಕಾಯುವ ಹೊತ್ತು) 4.6 ಮಿಲಿಸೆಕೆಂಡಿಗೆ, ಸ್ಪಂಜು ಪೂರಾ ಕಪ್ಪು. ನಿಜವಾದ ಶ್ವಾಸಕೋಶದ ಪಾಡೂ ಅದೇ: ನೀರು ಕಡಿಮೆ, ಗಾಳಿ ಮತ್ತು ಅಂಗಾಂಶ ಕೂಡುವ ಕಡೆಯೆಲ್ಲ ಕಾಂತಕ್ಷೇತ್ರ ಕೆಡುತ್ತದೆ, 1.5 ಟೆಸ್ಲಾದಲ್ಲಿ ಸಿಗ್ನಲ್ ಒಂದೆರಡು ಮಿಲಿಸೆಕೆಂಡಿಗೇ ಬಹುಪಾಲು ಕರಗುತ್ತದೆ. ಸಿಂಗಲ್ ಶಾಟ್ ಟರ್ಬೊ ಸ್ಪಿನ್ ಎಕೋ ಎಂಬ ಇನ್ನೊಂದು ವಿಧಾನದಲ್ಲಿ ಮಚ್ಚೆ ಬೆಳಗಿತು. ನ್ಯುಮೋನಿಯಾದಲ್ಲಿ ಗಾಳಿಯ ಜಾಗಕ್ಕೆ ದ್ರವ ಬರುವುದರಿಂದ ರೋಗ ಇರುವಲ್ಲೇ ಸಿಗ್ನಲ್ ಹೆಚ್ಚು. ಸಿ.ಟಿ.ಯ ವೇಗ, ಸೂಕ್ಷ್ಮತೆ ಎಂ.ಆರ್.ಐ.ಗಿಲ್ಲ, ಒಪ್ಪುತ್ತೇನೆ. ಆದರೆ ಮತ್ತೆ ಮತ್ತೆ ನೋಡಬೇಕಾದ ಮಗುವಿಗೆ, ಗರ್ಭಿಣಿಗೆ ಎಕ್ಸ್‌ರೇ ತಗುಲದ ದಾರಿ ಇದೆಯಲ್ಲ, ಅದಕ್ಕೇ ನನಗೆ ಇಷ್ಟು ಹಟ.

ನನ್ನ ಸ್ಪಂಜು ಇನ್ನೂ ಉಸಿರಾಡುವುದಿಲ್ಲ. ಮುಂದಿನದು ಅದೇ: ಕೆಳಗೊಂದು ಬಲೂನು, ಗೋಡೆಯ ತೂತಿನಿಂದ ಕಂಟ್ರೋಲ್ ರೂಮಿಗೆ ಪ್ಲಾಸ್ಟಿಕ್ ನಳಿಗೆ, ಆ ತುದಿಗೆ ಬಿ.ಪಿ. ಮಷೀನಿನ ರಬ್ಬರ್ ಬಲ್ಬ್. ಒಳಗೆ ಲೋಹದ ಒಂದು ಚೂರೂ ಇರಬಾರದು. ನಳಿಗೆಗೆ ಲೋಹದ ಕ್ಲಿಪ್ ಬಿಟ್ಟು ಬೇರೇನು ಹಾಕಿದರೆ ಗಾಳಿ ಸೋರುವುದಿಲ್ಲ? ಮಾಡಿದವರು ತಿಳಿಸಿ.